ಅಭಿಮಾನಿಯೋ, ಗ್ರಾಹಕನೋ: ಹೈಸ್ಕೂಲಿನಲ್ಲಿ ಸ್ಪೋರ್ಟ್ಸ್ ಮಾರ್ಕೆಟಿಂಗ್ ಪಾಠ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಮುಂದಿನ ಜೂನ್‌ನಿಂದ ಒಂಬತ್ತನೆಯ ತರಗತಿಗೆ ವಾರಕ್ಕೆ ಎರಡು ಪಿರಿಯಡ್ ಸ್ಪೋರ್ಟ್ಸ್ ಮಾರ್ಕೆಟಿಂಗ್ ಕಲಿಸಬೇಕೆಂದು ಆಡಳಿತ ಮಂಡಳಿಯವರು ತೀರ್ಮಾನಿಸಿ, ಅದನ್ನು ನನಗೆ ವಹಿಸಿದ್ದಾರೆ. ವ್ಯವಹಾರ ಅಧ್ಯಯನದ ಪಾಠಗಳನ್ನು ಮಾಡಿದ ಅನುಭವ ಇದೆಯೇ ಹೊರತು ಆಟಗಳ ಬಗ್ಗೆ ನನಗೆ ಅಷ್ಟಾಗಿ ತಿಳಿಯದು. ಹದಿನಾಲ್ಕು ವರ್ಷದ ಮಕ್ಕಳಿಗೆ ಆಟವನ್ನು ಮಾರುವುದು ಹೇಗೆಂದು ಹೇಳಿಕೊಡುವುದು ಸರಿಯೇ ಎಂಬ ಅಳುಕೂ ಇದೆ. ಪಾಠವನ್ನು ಎಲ್ಲಿಂದ ಆರಂಭಿಸಬೇಕು? ಅಂಕ ಕೊಡುವುದು ಹೇಗೆ? ಇದರಿಂದ ಮುಂದೆ ಕೆಲಸ ಸಿಗುತ್ತದೆಯೇ ಎಂದು ಪೋಷಕರು ಕೇಳಿದರೆ ಏನು ಹೇಳಲಿ? ಮಕ್ಕಳನ್ನು ಸ್ಟೇಡಿಯಂಗೆ ಕರೆದುಕೊಂಡು ಹೋಗಬೇಕೆ?

ಉತ್ತರ:

ನಿಮ್ಮ ಅಳುಕಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಒಂಬತ್ತು ವರ್ಷಗಳ ಹಿಂದೆ ಈ ವಿಷಯ ನನ್ನ ಪಾಲಿಗೆ ಬಂದಾಗ ನನಗೂ ಅದೇ ಅಳುಕು ಇತ್ತು. ನಾನು ವಾಣಿಜ್ಯ ಓದಿದವನು. ಶಾಲೆಯ ದಿನಗಳಲ್ಲಿ ಗಲ್ಲಿ ಕ್ರಿಕೆಟ್‌ನಲ್ಲಿ ಫೀಲ್ಡಿಂಗ್ ಮಾಡಿದ್ದನ್ನು ಬಿಟ್ಟರೆ ಬೇರೆ ಆಟವಾಡಿದವನಲ್ಲ. ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನೀವು ಮಾಡದಿರಲಿ ಎಂದು ಹೇಳುತ್ತೇನೆ: ಪಿಯುಸಿ ಪುಸ್ತಕದಲ್ಲಿರುವ ಮಾರ್ಕೆಟಿಂಗ್‌ನ ವ್ಯಾಖ್ಯೆ, ಸರಕು, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕು ಅಂಗಗಳು, ಅವುಗಳ ಕೆಳಗೆ ಉಪವಿಭಾಗಗಳು, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಬರೆಸಿದೆ. ಮೂರನೆಯ ಪಿರಿಯಡ್‌ನ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆರ್‌ಸಿಬಿಯ ಸಿಂಹವನ್ನು ಅತಿ ಶ್ರದ್ಧೆಯಿಂದ ಬಿಡಿಸುತ್ತಿದ್ದ. ನಾನು ಅವನನ್ನು ಎಬ್ಬಿಸಿ ನಿಲ್ಲಿಸಿ ಗದರಿದೆ. ಅವನು ಬಿಡಿಸುತ್ತಿದ್ದದ್ದೇ ನಾನು ಅಂದು ಮಾಡಬೇಕಾಗಿದ್ದ ಪಾಠ ಎಂದು ಹೊಳೆಯಲು ಇನ್ನೂ ಒಂದು ವರ್ಷ ಬೇಕಾಯಿತು.

ಈಗ ನಾನು ಮೊದಲ ದಿನ ಪುಸ್ತಕ ತೆರೆಯುವುದಿಲ್ಲ. ಮನೆಗೆ ತಂದ ಸೋಪು ಚೆನ್ನಾಗಿಲ್ಲದಿದ್ದರೆ ಮುಂದಿನ ತಿಂಗಳು ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಬೇರೆ ಸೋಪು ತರುತ್ತೇವೆ ಎಂದು ಇಡೀ ತರಗತಿ ಒಟ್ಟಿಗೆ ಹೇಳುತ್ತದೆ. ನಿಮ್ಮ ತಂಡ ಸೋತರೆ ಏನು ಮಾಡುತ್ತೀರಿ ಎಂದು ಅದೇ ಉಸಿರಿನಲ್ಲಿ ಕೇಳಿದರೆ ಒಂದು ಕ್ಷಣ ಮೌನ. ಒಂದು ವರ್ಷ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಮುಂದಿನ ಮ್ಯಾಚಲ್ಲಿ ಇನ್ನೂ ಜೋರಾಗಿ ಕಿರುಚ್ತೀವಿ ಸಾರ್" ಎಂದಳು. ಸೋಪಿನ ವ್ಯಾಪಾರಕ್ಕೂ ಆಟದ ವ್ಯಾಪಾರಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪಠ್ಯವನ್ನು ನಾನು ಕಂಡಿಲ್ಲ. ಮಾರ್ಕೆಟಿಂಗ್ ಪುಸ್ತಕಗಳಲ್ಲಿ ಕೊಳ್ಳುವವನು ಗ್ರಾಹಕ. ನಮ್ಮ ಭಾಷೆಯಲ್ಲಿ ತಂಡದ ಹಿಂದೆ ಹೋಗುವವನು ಅಭಿಮಾನಿ. ಗ್ರಾಹಕ ಕೊಟ್ಟ ಹಣಕ್ಕೆ ತಕ್ಕ ಸರಕು ಸಿಗಲಿಲ್ಲವೆಂದು ಜಗಳವಾಡುತ್ತಾನೆ, ಅಂಗಡಿ ಬದಲಿಸುತ್ತಾನೆ. ಅಭಿಮಾನಿ ಬದಲಿಸುವುದಿಲ್ಲ, ಏಕೆಂದರೆ ಆ ಪದದೊಳಗೆ ಅವನ ಸ್ವಂತ ಅಭಿಮಾನ ಸೇರಿಕೊಂಡಿದೆ. ಡಾ. ರಾಜಕುಮಾರ್ ಅವರು ತಮ್ಮನ್ನು ಮೆಚ್ಚಿದವರನ್ನು ಅಭಿಮಾನಿ ದೇವರುಗಳು ಎಂದು ಕರೆಯುತ್ತಿದ್ದುದು ನೆನಪಿರುವ ಊರು ನಮ್ಮದು. ಆ ದೇವರು ಯಾವಾಗ ಗ್ರಾಹಕನಾಗುತ್ತಾನೆ, ಹಾಗೆ ಮಾಡುವವರು ಯಾರು, ಅದರಲ್ಲಿ ಎಷ್ಟು ನ್ಯಾಯ, ಎಷ್ಟು ಮೋಸ ಎಂದು ಮಕ್ಕಳಿಗೆ ಕಾಣುವಂತೆ ಮಾಡುವುದೇ ಈ ವಿಷಯದ ಪಾಠ ಎಂದು ನಾನು ತಿಳಿದಿದ್ದೇನೆ. ಹದಿನಾಲ್ಕು ವರ್ಷದ ಮಗು ಈಗಾಗಲೇ ಜೆರ್ಸಿ ಕೊಂಡಿದೆ, ಮೊಬೈಲಿನಲ್ಲಿ ಪಂದ್ಯ ನೋಡಿದೆ, ಪ್ರತಿ ಓವರಿನ ನಡುವೆ ಜಾಹೀರಾತು ನೋಡಿದೆ. ವ್ಯಾಪಾರ ಅದರ ಬಳಿಗೆ ಬಂದಾಗಿದೆ. ಆದ್ದರಿಂದ ಕಲಿಸುವುದು ಸರಿಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಕಲಿಸದಿರುವುದೇ ಹೆಚ್ಚು ಅಪಾಯ ಎಂಬುದು.

ಎರಡನೆಯ ವಾರದಲ್ಲಿ ಆರ್‌ಸಿಬಿಯನ್ನು ಎತ್ತಿಕೊಳ್ಳಿ. ಬೆಂಗಳೂರಿನಲ್ಲಿ ಕುಳಿತು ಬೇರೆ ಉದಾಹರಣೆ ಹುಡುಕುವುದು ಮನೆಯಂಗಳದ ಬಾವಿ ಬಿಟ್ಟು ಟ್ಯಾಂಕರಿಗೆ ಕಾದಂತೆ. 2008ರಲ್ಲಿ ಈ ಫ್ರಾಂಚೈಸಿ 11.16 ಕೋಟಿ ಡಾಲರಿಗೆ ಮಾರಾಟವಾಯಿತು. ಆ ಹರಾಜಿನಲ್ಲಿ ಮುಂಬೈ ಬಿಟ್ಟರೆ ಇದೇ ದುಬಾರಿ ತಂಡ. ಆ ವರ್ಷದ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದಾಗ ಬ್ರೆಂಡನ್ ಮೆಕಲಮ್ ಔಟಾಗದೆ 158 ರನ್ ಹೊಡೆದು, ನಮ್ಮ ತಂಡ 140 ರನ್ನುಗಳಿಂದ ಸೋತಿತು. 2009, 2011 ಮತ್ತು 2016ರಲ್ಲಿ ಫೈನಲ್ ತಲುಪಿಯೂ ಸೋತಿತು. ಪುರುಷರ ತಂಡ ಕಪ್ ಗೆದ್ದದ್ದು 2025ರ ಜೂನ್ 3ರಂದು, ಹದಿನೆಂಟನೆಯ ಋತುವಿನಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ಮಹಿಳೆಯರ ತಂಡ ಗೆದ್ದುಕೊಟ್ಟಿತ್ತು. ಹದಿನೇಳು ವರ್ಷ ಒಂದೇ ದೋಷವಿರುವ ಸರಕನ್ನು ಮಾರಿದ ಯಾವ ಅಂಗಡಿ ಉಳಿದೀತು ಎಂದು ಮಕ್ಕಳನ್ನು ಕೇಳಿ. "ಈ ಸಲ ಕಪ್ ನಮ್ದೇ" ಎಂಬ ಮಾತನ್ನು ಅವರೇ ಎತ್ತುತ್ತಾರೆ. ವರ್ಷವರ್ಷವೂ ಸುಳ್ಳಾಗುತ್ತಿದ್ದ ಆ ಮಾತನ್ನು ಊರಿಗೆ ಊರೇ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತ ಹೇಳುತ್ತಿತ್ತು. ಆ ಗೇಲಿಯಲ್ಲೂ ಒಂದು ಬಗೆಯ ಒಡೆತನ ಇತ್ತು. ಅಂಥ ಮಾತನ್ನು ಯಾವ ಜಾಹೀರಾತು ಸಂಸ್ಥೆಯೂ ಹಣ ಪಡೆದು ಹುಟ್ಟಿಸಲಾರದು, ಆದರೆ ಹುಟ್ಟಿದ ಮೇಲೆ ಅದನ್ನು ಟೀಶರ್ಟಿನ ಮೇಲೆ ಅಚ್ಚು ಹಾಕಿ ಮಾರಬಲ್ಲದು.

ಇಲ್ಲಿ ಒಂದು ಮುಖ್ಯ ತತ್ತ್ವವನ್ನು ಬೋರ್ಡಿನ ಮೇಲೆ ಬರೆಯಬಹುದು. ಆಟದ ಮಾರ್ಕೆಟಿಂಗ್ ಮಾಡುವವನ ಕೈಯಲ್ಲಿ ಮೂಲ ಸರಕು ಇರುವುದಿಲ್ಲ. ಯಾರು ಗೆಲ್ಲುತ್ತಾರೆ, ಮಳೆ ಬರುತ್ತದೆಯೇ, ತಾರಾ ಆಟಗಾರನ ಮೊಣಕಾಲು ನೆಟ್ಟಗಿರುತ್ತದೆಯೇ ಎಂಬುದು ಅವನ ಅಂಕೆಗೆ ಹೊರತು. ಅಷ್ಟೇ ಅಲ್ಲ, ಫಲಿತಾಂಶ ಮೊದಲೇ ಗೊತ್ತಾದರೆ ಆ ಸರಕಿಗೆ ಬೆಲೆಯೇ ಇಲ್ಲ. ಆದ್ದರಿಂದ ಅವನು ಆಟದ ಸುತ್ತಲಿನದನ್ನು, ಅಂದರೆ ಬಣ್ಣ, ಹಾಡು, ಆಸನ, ತಿಂಡಿ, ನೆನಪು ಇವುಗಳನ್ನು ರೂಪಿಸುತ್ತಾನೆ. ಕೆಲವೊಮ್ಮೆ ಧೈರ್ಯ ಮಾಡಿ ಆಟದ ಚೌಕಟ್ಟಿಗೂ ಕೈ ಹಾಕುತ್ತಾನೆ. ಇದಕ್ಕೆ ಕಬಡ್ಡಿಯಷ್ಟು ಒಳ್ಳೆಯ ಉದಾಹರಣೆ ಇಲ್ಲ. ನಮ್ಮ ಊರುಗಳ ಮಣ್ಣಿನ ಅಂಕಣದ ಆಟವನ್ನು 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಒಳಾಂಗಣಕ್ಕೆ ತಂದು, ಮ್ಯಾಟ್ ಹಾಸಿ, ದೀಪ ಹಾಯಿಸಿತು. ರೈಡಿಗೆ ಮೂವತ್ತು ಸೆಕೆಂಡಿನ ಗಡಿಯಾರ ಪರದೆಯ ಮೇಲೆ ಓಡತೊಡಗಿತು. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ಔಟ್ ಎಂಬ ನಿಯಮ ಬಂತು. ಸಮಯ ಕಳೆಯುತ್ತ ಕೂರುವ ಆಟ ಹೋಗಿ, ಟಿವಿಯ ಮುಂದೆ ಕೂತವನು ರಿಮೋಟ್ ಮುಟ್ಟದಂಥ ಆಟವಾಯಿತು. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಪ್ರಶಸ್ತಿ ಗೆದ್ದಾಗ ಪವನ್ ಸೆಹ್ರಾವತ್ ಫೈನಲ್‌ನಲ್ಲಿ 22 ಅಂಕ ತಂದಿದ್ದನ್ನು ಈಗಲೂ ಹೇಳುವ ಮಕ್ಕಳಿದ್ದಾರೆ. ಈ ಬದಲಾವಣೆಯಿಂದ ಕಬಡ್ಡಿಗೆ ಲಾಭವಾಯಿತೋ ಏನಾದರೂ ಕಳೆದುಹೋಯಿತೋ ಎಂದು ಚರ್ಚೆಗೆ ಬಿಡಿ; ಅಜ್ಜನ ಊರಿನಲ್ಲಿ ಆಟ ನೋಡಿದ ಮಗು ಒಂದಾದರೂ ಇದ್ದೇ ಇರುತ್ತದೆ.

ಹಣದ ಪಾಠವನ್ನು ಲೆಕ್ಕದ ಪಾಠವಾಗಿ ಮಾಡಿ. 2023ರಿಂದ 2027ರವರೆಗಿನ ಐದು ಋತುಗಳ ಐಪಿಎಲ್ ಪ್ರಸಾರ ಹಕ್ಕುಗಳು 2022ರ ಜೂನ್‌ನ ಹರಾಜಿನಲ್ಲಿ ಒಟ್ಟು 48,390 ಕೋಟಿ ರೂಪಾಯಿಗೆ ಹೋದವು; ಹರಾಜಿಗೆ ಹಿಡಿದ ಪಂದ್ಯಗಳು 410. ಭಾಗಿಸಿದರೆ ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. ಎರಡು ಇನಿಂಗ್ಸ್ ಸೇರಿ 240 ಚೆಂಡು ಎಂದರೆ ಒಂದು ಚೆಂಡಿಗೆ ಸುಮಾರು 49 ಲಕ್ಷ. ಈ ಲೆಕ್ಕವನ್ನು ಮಕ್ಕಳೇ ಮಾಡಲಿ, ಏಕೆಂದರೆ ಉತ್ತರ ಬಂದಾಗ ಅವರ ಮುಖ ನೋಡಬೇಕು. "ಹಾಗಾದ್ರೆ ನಮ್ಮನೆ ಮೂರು ಬಾಲ್ ಸಾರ್" ಎಂದು ಒಬ್ಬ ಹೇಳಿದ್ದ. ಆಮೇಲೆ ಚಿನ್ನಸ್ವಾಮಿಯಲ್ಲಿ ಹೆಚ್ಚೆಂದರೆ ನಲವತ್ತು ಸಾವಿರದಷ್ಟು ಜನ ಕೂರಬಹುದು ಎಂದು ನೆನಪಿಸಿ, ಟಿಕೆಟ್ಟಿನ ಹಣವನ್ನು ಅವರೇ ಅಂದಾಜು ಮಾಡಿ 118 ಕೋಟಿಯ ಪಕ್ಕದಲ್ಲಿಡಲಿ. ಸ್ಟೇಡಿಯಂನಲ್ಲಿ ಕೂತವರು ಮನೆಯಲ್ಲಿ ಕೂತವರಿಗೆ ತೋರಿಸಲು ಬೇಕಾದ ಹಿನ್ನೆಲೆಯೂ ಆಗಿದ್ದಾರೆ ಎಂಬುದು ಆಗ ತಾನಾಗಿ ಹೊರಬರುತ್ತದೆ. ಅದೇ ಹರಾಜಿನಲ್ಲಿ ಭಾರತದ ಟಿವಿ ಹಕ್ಕಿಗೆ 23,575 ಕೋಟಿ, ಡಿಜಿಟಲ್ ಹಕ್ಕಿಗೆ 20,500 ಕೋಟಿ ಬಂದಿತ್ತು. ಅಷ್ಟು ಕೊಟ್ಟವರು 2023ರಲ್ಲಿ ಮೊಬೈಲಿನಲ್ಲಿ ಪಂದ್ಯಗಳನ್ನು ಬಿಟ್ಟಿಯಾಗಿ ತೋರಿಸಿದರು. ಬಿಟ್ಟಿಯಾಗಿ ಸಿಕ್ಕಿದ್ದಕ್ಕೆ ಹಣ ಕೊಟ್ಟವರು ಯಾರು ಎಂಬ ಒಂದೇ ಪ್ರಶ್ನೆಗೆ ನಾನು ಒಂದು ಪೂರ್ತಿ ಪಿರಿಯಡ್ ಮೀಸಲಿಡುತ್ತೇನೆ.

ಪ್ರಾಯೋಜಕತ್ವದ ಪಾಠಕ್ಕೆ ಭಾರತ ಕ್ರಿಕೆಟ್ ತಂಡದ ಜೆರ್ಸಿಯ ಎದೆಯೇ ಸಾಕು. ಒಂದು ಕಾಲಕ್ಕೆ ಅಲ್ಲಿ ವಿಲ್ಸ್ ಇತ್ತು, ಅಂದರೆ ಸಿಗರೇಟು. ನಂತರ 2013ರವರೆಗೆ ಸಹಾರಾ, ಆಮೇಲೆ ಸ್ಟಾರ್, 2017ರಲ್ಲಿ ಮೊಬೈಲ್ ಫೋನಿನ ಒಪ್ಪೊ, 2019ರಲ್ಲಿ ನಮ್ಮ ಬೆಂಗಳೂರಿನದೇ ಆದ ಬೈಜೂಸ್, 2023ರಲ್ಲಿ ಡ್ರೀಮ್ ಇಲೆವೆನ್. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದೊಡನೆ ಆ ಒಪ್ಪಂದ ಮುರಿದು, ಮರು ತಿಂಗಳ ಏಷ್ಯಾ ಕಪ್‌ನಲ್ಲಿ ತಂಡ ಎದೆಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲದೆ ಆಡಿತು. ಅದೇ ತಿಂಗಳಲ್ಲಿ ಅಪೋಲೊ ಟೈರ್ಸ್ ಆ ಜಾಗ ಹಿಡಿಯಿತು. ಈ ಹೆಸರುಗಳನ್ನು ಇಸವಿಯ ಸಮೇತ ಗೋಡೆಯ ಮೇಲೆ ಅಂಟಿಸಿ, ಪ್ರತಿ ಕಾಲದಲ್ಲಿ ದೇಶದಲ್ಲಿ ಯಾರ ಕೈಯಲ್ಲಿ ಹಣ ಓಡಾಡುತ್ತಿತ್ತು, ಯಾವ ಕಾನೂನು ಬಂದು ಯಾರನ್ನು ಹೊರಗಟ್ಟಿತು ಎಂದು ಹುಡುಕಿಸಿ. ನೀವು ಸಮಾಜ ವಿಜ್ಞಾನದವರು. ಈ ಗೋಡೆಯ ಮುಂದೆ ನಿಂತಾಗ ನಿಮಗೆ ನನಗಿಂತ ಹೆಚ್ಚು ಹೇಳಲು ಇರುತ್ತದೆ. ಮದ್ಯ, ತಂಬಾಕುಗಳ ಜಾಹೀರಾತಿಗೆ ಟಿವಿಯಲ್ಲಿ ಅವಕಾಶವಿಲ್ಲ ಎಂದು ಹೇಳಿಕೊಡುವಾಗ, ನಮ್ಮ ಊರಿನ ತಂಡದ ಹೆಸರು ರಾಯಲ್ ಚಾಲೆಂಜ್ ಎಂಬ ವಿಸ್ಕಿಯ ಹೆಸರಿನಿಂದ ಬಂದದ್ದು ಎಂದು ಹೇಳಲು ಹಿಂಜರಿಯಬೇಡಿ. ಅರ್ಧ ತರಗತಿಗೆ ಅದು ಗೊತ್ತಿರುವುದಿಲ್ಲ, ಉಳಿದರ್ಧ ಗೊತ್ತಿದ್ದೂ ಸುಮ್ಮನಿರುತ್ತದೆ.

ಜೆರ್ಸಿಯ ಮಾತು ಬಂದಾಗ ನಂದಿನಿಯನ್ನು ಬಿಡಲಾಗದು. 2024ರ ಟಿ20 ವಿಶ್ವಕಪ್‌ನಲ್ಲಿ ಕರ್ನಾಟಕ ಹಾಲು ಮಹಾಮಂಡಳ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕನಾಗಿ, ಸ್ಕಾಟ್ಲೆಂಡ್ ಆಟಗಾರರ ಅಂಗಿಯ ಮೇಲೆ ಕನ್ನಡ ಅಕ್ಷರಗಳಲ್ಲಿ ನಂದಿನಿ ಎಂದು ಕಾಣಿಸಿತು. ಸ್ಕಾಟ್ಲೆಂಡಿನಲ್ಲಿ ಯಾರು ಸಾರ್ ನಂದಿನಿ ಹಾಲು ಕುಡಿಯೋದು ಎಂದು ಮಕ್ಕಳು ನಗುತ್ತಾರೆ. ನಗಲಿ. ಆಮೇಲೆ, ಆ ಪಂದ್ಯವನ್ನು ನೋಡುವವರು ಯಾವ ದೇಶದಲ್ಲಿ ಹೆಚ್ಚು, ದೊಡ್ಡ ತಂಡದ ಎದೆಗೂ ಚಿಕ್ಕ ತಂಡದ ಎದೆಗೂ ಬೆಲೆಯಲ್ಲಿ ವ್ಯತ್ಯಾಸ ಹೇಗಿರುತ್ತದೆ, ಕನ್ನಡ ಅಕ್ಷರ ಕಂಡೊಡನೆ ಅದರ ಚಿತ್ರವನ್ನು ಎಷ್ಟು ಜನ ತಾವಾಗಿಯೇ ಹಂಚಿಕೊಂಡರು ಎಂದು ಒಂದೊಂದಾಗಿ ಕೇಳುತ್ತ ಹೋಗಿ. ನಮ್ಮ ತರಗತಿಯಲ್ಲಿ ಕನಕಪುರದ ಕಡೆಯಿಂದ ಬಂದ ಹುಡುಗನೊಬ್ಬ, ಇದು ಹಾಲು ಹಾಕುವ ರೈತರ ಹಣವಲ್ಲವೇ, ಅವರನ್ನು ಕೇಳಿದ್ದರೆ ಒಪ್ಪುತ್ತಿದ್ದರೇ ಎಂದು ಕೇಳಿದ. ಅವನ ಮನೆಯಲ್ಲಿ ಎರಡು ಹಸುಗಳಿದ್ದವು. ಹೆಸರು ಬೆಳೆದು ಮಾರಾಟ ಹೆಚ್ಚಿದರೆ ಅದೂ ರೈತರಿಗೇ ಬರುತ್ತದೆ ಎಂಬುದು ಒಂದು ವಾದ. ಆ ಮಾತನ್ನು ನಾನು ಹೇಳಿದೆ, ಆದರೆ ಅದು ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಒಪ್ಪಿಸಲು ನಾನೂ ಹೋಗಲಿಲ್ಲ.

ಪ್ರಾಯೋಜಕನಾಗದೆಯೇ ಪ್ರಾಯೋಜಕನ ಲಾಭ ಕದಿಯುವುದೂ ಒಂದು ವಿದ್ಯೆ. 1996ರ ವಿಶ್ವಕಪ್‌ನ ಅಧಿಕೃತ ಪಾನೀಯ ಕೋಕ ಕೋಲ. ಆದರೆ ಇದರಲ್ಲಿ ಅಧಿಕೃತವಾದದ್ದು ಏನೂ ಇಲ್ಲ ಎಂಬರ್ಥದ ಜಾಹೀರಾತುಗಳಿಂದ ಜನರ ಬಾಯಲ್ಲಿ ಉಳಿದದ್ದು ಪೆಪ್ಸಿ. ಅದೇ ವಿಶ್ವಕಪ್‌ನ ಮಾರ್ಚ್ 9ರ ಕ್ವಾರ್ಟರ್ ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲಿ ನಡೆಯಿತು, ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನ ಸ್ಟಂಪ್ ಕಿತ್ತದ್ದು ಅಲ್ಲಿಯೇ. ಮಕ್ಕಳಿಗೆ ಆ ದಿನದ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಬರಲು ಹೇಳುತ್ತೇನೆ: ಆಟದ್ದು ಏನು ನೆನಪಿದೆ, ಜಾಹೀರಾತಿನದು ಏನು ನೆನಪಿದೆ. ಪ್ರಸಾದ್ ಎಲ್ಲರಿಗೂ ನೆನಪಿರುತ್ತಾರೆ. ಪ್ರಾಯೋಜಕರ ಹೆಸರನ್ನು ಸರಿಯಾಗಿ ಹೇಳಿದ ತಂದೆ ತಾಯಿ ಇದುವರೆಗೆ ಬಹಳ ಕಡಿಮೆ, ಇದು ಪ್ರಾಯೋಜಕರು ಕೇಳಿಸಿಕೊಳ್ಳಬೇಕಾದ ಮಾತು.

ಇಷ್ಟಾದರೂ ಇದೆಲ್ಲ ಬೇರೆಯವರ ಆಟದ ಮಾತು. ಮಕ್ಕಳು ನಿಜವಾಗಿ ಕಲಿಯುವುದು ತಮ್ಮ ಶಾಲೆಯ, ಯಾರೂ ನೋಡಲು ಬಾರದ ಒಂದು ಪಂದ್ಯಕ್ಕೆ ಜನ ಸೇರಿಸಲು ಹೊರಟಾಗ. ವರ್ಷದ ಎರಡನೆಯ ಟರ್ಮನ್ನು ಪೂರ್ತಿಯಾಗಿ ಇದಕ್ಕೆ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕ್ರಿಕೆಟ್ ಬೇಡ, ಅದಕ್ಕೆ ಜನ ಕರೆಯದೆಯೂ ಬರುತ್ತಾರೆ. ನಾವು ಆರಿಸಿಕೊಂಡದ್ದು ಹುಡುಗಿಯರ ಖೋ-ಖೋ ತಂಡ. ಅದು ಪಕ್ಕದ ಬಡಾವಣೆಯ ಶಾಲೆಯೊಂದಿಗೆ ಪ್ರತಿವರ್ಷ ಆಡುವ ಪಂದ್ಯಕ್ಕೆ ಪಿ.ಟಿ. ಮೇಷ್ಟ್ರು, ಆಯಾ, ಗೇಟಿನ ಕಾವಲುಗಾರ ಮತ್ತು ಆಟಗಾರ್ತಿಯರ ಬ್ಯಾಗು ಕಾಯುವ ಇಬ್ಬರು ಗೆಳತಿಯರು ಬಿಟ್ಟರೆ ಪ್ರೇಕ್ಷಕರೇ ಇರುತ್ತಿರಲಿಲ್ಲ.

ಮಕ್ಕಳ ಮೊದಲ ಯೋಜನೆ ನಿರೀಕ್ಷಿಸಿದಂತೆಯೇ ಇತ್ತು: ವಿರಾಟ್ ಕೊಹ್ಲಿಯ ಚಿತ್ರವಿರುವ ದೊಡ್ಡ ಫ್ಲೆಕ್ಸ್. ಅನುಮತಿಯಿಲ್ಲದೆ ಒಬ್ಬರ ಮುಖವನ್ನು ಪ್ರಚಾರಕ್ಕೆ ಬಳಸುವಂತಿಲ್ಲ, ರಸ್ತೆಯಲ್ಲಿ ಫ್ಲೆಕ್ಸ್ ಕಟ್ಟುವಂತಿಲ್ಲ ಎಂಬ ಎರಡು ಕಾನೂನಿನ ಪಾಠ ಅಲ್ಲೇ ಮುಗಿಯಿತು. ಹಾಗಾದರೆ ನಮ್ಮ ಆಟಗಾರ್ತಿಯರ ಚಿತ್ರವನ್ನೇ ಹಾಕೋಣ ಎಂದರು. ಹನ್ನೆರಡು ಹುಡುಗಿಯರಲ್ಲಿ ಒಬ್ಬಳು, ನನ್ನ ಫೋಟೊ ಬೇಡ, ಮನೆಯಲ್ಲಿ ಬೈಯುತ್ತಾರೆ ಎಂದಳು. ಪೋಸ್ಟರ್ ತಂಡದವರಿಗೆ ಕೋಪ ಬಂತು, ಏಕೆಂದರೆ ತಂಡದ ಅತಿ ವೇಗದ ಓಟಗಾರ್ತಿ ಅವಳೇ. ಒಂದು ವಾರ ಎಳೆದಾಡಿದ ಮೇಲೆ ಒಬ್ಬ ಹುಡುಗ ಮುಖವೇ ಬೇಡ, ಕಂಬದ ಸುತ್ತ ತಿರುಗುವಾಗ ಮಣ್ಣಿನಲ್ಲಿ ಮೂಡುವ ಪಾದದ ಗುರುತುಗಳನ್ನು ಬರೆಯೋಣ ಎಂದ. ಚಾರ್ಟ್ ಹಾಳೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಪಾದಗಳು, ಕೆಳಗೆ ದಿನ ಮತ್ತು ಹೊತ್ತು, ಅಷ್ಟೇ. ನಾನು ನೋಡಿದ ವಿದ್ಯಾರ್ಥಿಗಳ ಪೋಸ್ಟರುಗಳಲ್ಲೆಲ್ಲ ಅದೇ ಅತ್ಯುತ್ತಮ. ಅದು ಬಂದದ್ದು ಆಟಗಾರ್ತಿಯ ಬೇಡ ಎಂಬ ಮಾತಿಗೆ ಬೆಲೆ ಕೊಟ್ಟದ್ದರಿಂದ.

ಪ್ರಾಯೋಜಕರನ್ನು ಹುಡುಕಿಕೊಂಡು ಮೂವರು ಮಕ್ಕಳು ಶಾಲೆಯ ತಿರುವಿನ ಅಯ್ಯಂಗಾರ್ ಬೇಕರಿಗೆ ಹೋದರು. ಯಜಮಾನರು ಸಾವಧಾನವಾಗಿ ಕೇಳಿಸಿಕೊಂಡು, "ನೋಡೋಕೆ ಬರೋರು ಯಾರಪ್ಪ? ಅವರು ಮನೆಗೆ ಹೋಗುವಾಗ ನಮ್ಮ ಅಂಗಡಿ ಮುಂದೆ ಹೋಗ್ತಾರಾ, ಆ ಕಡೆ ಗೇಟಿಂದ ಹೋಗ್ತಾರಾ?" ಎಂದು ಕೇಳಿದರಂತೆ. ಮಕ್ಕಳ ಬಳಿ ಉತ್ತರ ಇರಲಿಲ್ಲ. ಪ್ರಾಯೋಜಕತ್ವದ ಬಗ್ಗೆ ನಾನು ನಾಲ್ಕು ಪಿರಿಯಡ್ ಹೇಳಿದ್ದನ್ನು ಆ ಯಜಮಾನರು ಎರಡು ಪ್ರಶ್ನೆಗಳಲ್ಲಿ ಹೇಳಿ ಮುಗಿಸಿದ್ದರು: ನೋಡುವವರು ಯಾರು, ಅವರಿಗೂ ನನ್ನ ವ್ಯಾಪಾರಕ್ಕೂ ದಾರಿ ಎಲ್ಲಿ ಕೂಡುತ್ತದೆ. ಮಕ್ಕಳು ಎರಡು ದಿನ ಸಂಜೆ ಗೇಟಿನ ಬಳಿ ನಿಂತು ಯಾರು ಯಾವ ಕಡೆ ಹೋಗುತ್ತಾರೆಂದು ಎಣಿಸಿ, ಹಾಳೆಯಲ್ಲಿ ಬರೆದುಕೊಂಡು ಮತ್ತೆ ಹೋದರು. ಯಜಮಾನರು ಹಣ ಕೊಡಲಿಲ್ಲ. ಪಂದ್ಯದ ದಿನ ಹಂಚಲು ಅಂಗಡಿಯ ಮುದ್ರೆ ಹಾಕಿದ ನೂರು ಚೀಟಿ ಕೊಟ್ಟು, ಚೀಟಿ ತಂದವರಿಗೆ ಖಾರ ಬನ್ನಿನ ಮೇಲೆ ಐದು ರೂಪಾಯಿ ಬಿಡುತ್ತೇನೆ ಎಂದರು. ಪಂದ್ಯದ ಮರುದಿನ ಅಂಗಡಿಗೆ ವಾಪಸು ಬಂದ ಚೀಟಿಗಳನ್ನು ಮಕ್ಕಳು ಎಣಿಸಿದರು: ಮೂವತ್ತೊಂದು. ಅದು ಒಳ್ಳೆಯ ಸಂಖ್ಯೆಯೋ ಕೆಟ್ಟ ಸಂಖ್ಯೆಯೋ ಎಂದು ಅರ್ಧ ಗಂಟೆ ವಾದ ನಡೆಯಿತು, ಯಜಮಾನರು ಮಾತ್ರ ಮುಂದಿನ ವರ್ಷವೂ ಚೀಟಿ ಕೊಟ್ಟರು. ಮಕ್ಕಳಿಗೆ ಅದೇ ಉತ್ತರ.

ಪಂದ್ಯಕ್ಕೆ ಎಷ್ಟು ಜನ ಬಂದರು ಎಂದು ನೀವು ಕೇಳಬಹುದು. ಮೈದಾನದ ಒಂದು ಬದಿಯ ಮೆಟ್ಟಿಲುಗಳು ತುಂಬಿದವು. ಬಂದವರಲ್ಲಿ ಹೆಚ್ಚಿನವರು ಪೋಸ್ಟರ್ ನೋಡಿ ಬಂದವರಲ್ಲ, ಆಟಗಾರ್ತಿಯರೇ ತಂತಮ್ಮ ಮನೆಯಲ್ಲಿ, ಬೀದಿಯಲ್ಲಿ ಕರೆದದ್ದಕ್ಕೆ ಬಂದವರು ಎಂಬುದು ನಂತರ ಕೇಳಿ ತಿಳಿದದ್ದು. 2018ರ ಜೂನ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ನಾಯಕ, ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆತ್ರಿ, ನಮ್ಮನ್ನು ಬೈಯಿರಿ, ಟೀಕಿಸಿ, ಆದರೆ ಸ್ಟೇಡಿಯಂಗೆ ಬನ್ನಿ ಎಂದು ಒಂದು ವಿಡಿಯೊದಲ್ಲಿ ಕೇಳಿಕೊಂಡ ಮೇಲೆ, ಹಿಂದಿನ ಪಂದ್ಯದಲ್ಲಿ ಎರಡೂವರೆ ಸಾವಿರದಷ್ಟೇ ಜನರಿದ್ದ ಮುಂಬೈನ ಅದೇ ಮೈದಾನ ಕೀನ್ಯಾ ಎದುರಿನ ಭಾರತದ ಪಂದ್ಯಕ್ಕೆ ಭರ್ತಿಯಾಗಿತ್ತು. ಆಡುವವರೇ ಕರೆದರೆ ಆಗುವ ಪರಿಣಾಮವನ್ನು ಹೇಳಲು ನಾನು ಆ ವಿಡಿಯೊವನ್ನು ಪಂದ್ಯ ಮುಗಿದ ಮೇಲೆಯೇ ತೋರಿಸುತ್ತೇನೆ. ಮೊದಲೇ ತೋರಿಸಿದರೆ ಮಕ್ಕಳು ಅದನ್ನು ನಕಲು ಮಾಡುತ್ತಾರೆ. ಖೋ-ಖೋಗೆ ಈಗ ಸ್ವಂತ ತಾರೆಯರೂ ಇದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷ, ಮಹಿಳಾ ತಂಡಗಳೆರಡೂ ಗೆದ್ದವು; ಗೆದ್ದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು.

ಪಿ.ಟಿ. ಮೇಷ್ಟ್ರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ. ಹೆಚ್ಚು ಜನ ಬರಲೆಂದು ಮಕ್ಕಳು ಪಂದ್ಯವನ್ನು ಬೆಳಿಗ್ಗೆಯ ಬದಲು ಮಧ್ಯಾಹ್ನ ಎರಡಕ್ಕೆ ಹಾಕಿಸಲು ಹೊರಟಾಗ ಅವರು ನೇರವಾಗಿ ನನ್ನ ಬಳಿ ಬಂದು, ಬಿಸಿಲಿನಲ್ಲಿ ಓಡುವವರು ನಿಮ್ಮ ಪ್ರೇಕ್ಷಕರೋ ನನ್ನ ಹುಡುಗಿಯರೋ ಎಂದು ಕೇಳಿದರು. ಅವರದೇ ಸರಿ. ಮುಂದೆ ಪ್ರತಿ ಯೋಜನೆಗೂ ಅವರ ಸಹಿ ಬೇಕೆಂದು ನಿಯಮ ಮಾಡಿಕೊಂಡೆ. ಆಟ ತಿಳಿಯದು ಎಂಬ ನಿಮ್ಮ ಚಿಂತೆಗೂ ಅವರೇ ಮದ್ದು.

ಇನ್ನೊಂದು ತಪ್ಪನ್ನು ಸಂಕೋಚದಿಂದಲೇ ಹೇಳುತ್ತೇನೆ. ಒಂದು ವರ್ಷ ಒಂದು ಕೋಚಿಂಗ್ ಸಂಸ್ಥೆಯವರು ತಾವಾಗಿ ಮುಂದೆ ಬಂದು ಎರಡೂ ತಂಡಗಳಿಗೆ ಟೀಶರ್ಟ್ ಕೊಡಿಸಿ, ಪಂದ್ಯದ ದಿನ ಲಕ್ಕಿ ಡ್ರಾ ಇಡುತ್ತೇವೆ ಎಂದರು. ಚೀಟಿಯಲ್ಲಿ ಮಗುವಿನ ಹೆಸರು, ತರಗತಿ, ಪೋಷಕರ ಫೋನ್ ನಂಬರು. ನಾನು ಹೆಚ್ಚು ಯೋಚಿಸದೆ ಒಪ್ಪಿದೆ. ಮರುವಾರದಿಂದ ಎರಡು ತಿಂಗಳು ಪೋಷಕರಿಗೆ ಬೆಳಿಗ್ಗೆ ಸಂಜೆ ಕರೆಗಳು. ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿ ನಾನು ನಿಂತು ಉತ್ತರ ಕೊಡಬೇಕಾಯಿತು. ಟೀಶರ್ಟಿನ ಬೆಲೆಗೆ ನಾವು ಮಾರಿದ್ದು ಜೆರ್ಸಿಯ ಎದೆಯನ್ನಲ್ಲ, ತಂದೆ ತಾಯಿಯರ ನಂಬರುಗಳನ್ನು. ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹದಿನೆಂಟು ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅಂದಿನ ಘಟನೆಯನ್ನು ಈಗ ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ, ಸಂಸ್ಥೆಯ ಹೆಸರು ಬಿಟ್ಟು, ನನ್ನ ಹೆಸರು ಸೇರಿಸಿ. ನಿಮ್ಮ ಮಕ್ಕಳು ಸಮೀಕ್ಷೆ ಮಾಡುವಾಗ ವಯಸ್ಸು, ಬಂದ ದಾರಿ, ನೋಡಿದ ಆಟ, ಇಷ್ಟೇ ಕೇಳಲಿ. ಹೆಸರು, ನಂಬರು ಬೇಡ.

ಅಂಕದ ವಿಷಯ. ಬಂದ ಜನರ ಸಂಖ್ಯೆಗೆ ಅಂಕ ಕೊಡಬೇಡಿ, ಮಳೆಗೂ ಪಕ್ಕದ ಗಲ್ಲಿಯ ಗಣೇಶನ ಮೆರವಣಿಗೆಗೂ ಮಕ್ಕಳು ಹೊಣೆಯಲ್ಲ. ಮೊದಲೇ ಬರೆದುಕೊಟ್ಟ ಅಂದಾಜು, ನಂತರದ ನಿಜ ಲೆಕ್ಕ, ಇವೆರಡರ ನಡುವಿನ ಅಂತರಕ್ಕೆ ಮಗು ಕೊಡುವ ಕಾರಣ, ಈ ಮೂರಕ್ಕೆ ಕೊಡಿ. ಕೆಲಸದ ಬಗ್ಗೆ ಪೋಷಕರಿಗೆ ನಿಜ ಹೇಳಿ: ಲೀಗುಗಳು, ಫ್ರಾಂಚೈಸಿಗಳು, ಪ್ರಸಾರ ಸಂಸ್ಥೆಗಳು, ಓಟದ ಸ್ಪರ್ಧೆಗಳನ್ನು ನಡೆಸುವವರು, ಆಟಗಾರರ ಒಪ್ಪಂದ ನೋಡಿಕೊಳ್ಳುವ ಏಜೆನ್ಸಿಗಳು, ಹೀಗೆ ಕೆಲಸಗಳು ಇವೆ, ಆದರೆ ಬಯಸುವವರ ಸಂಖ್ಯೆಗೆ ಹೋಲಿಸಿದರೆ ಕಡಿಮೆ. ಹೈಸ್ಕೂಲಿನ ಎರಡು ಪಿರಿಯಡ್ ಯಾರಿಗೂ ಕೆಲಸ ಕೊಡಿಸುವುದಿಲ್ಲ. ಲೆಕ್ಕ ಹಾಕಲು, ಎಣಿಸಲು, ಚೆನ್ನಾಗಿ ಬರೆಯಲು ಬಂದರೆ ಎಲ್ಲಿಯಾದರೂ ನಡೆಯುತ್ತದೆ. ಕನ್ನಡದಲ್ಲಿ ಚೆನ್ನಾಗಿ ಬರೆಯಬಲ್ಲ, ಮಾತಾಡಬಲ್ಲ ಮಕ್ಕಳಿಗೆ ನಾನು ಒಂದು ಮಾತು ಹೆಚ್ಚಾಗಿ ಹೇಳುತ್ತೇನೆ: ಐಪಿಎಲ್‌ಗೂ ಕಬಡ್ಡಿಗೂ ಕನ್ನಡ ವೀಕ್ಷಕ ವಿವರಣೆ ಬಂದಿರುವುದು ಯಾರ ದಾಕ್ಷಿಣ್ಯಕ್ಕೂ ಅಲ್ಲ, ಆ ಭಾಷೆಯಲ್ಲಿ ಕೇಳುವವರ ಸಂಖ್ಯೆಯನ್ನು ಯಾರೋ ಎಣಿಸಿ ನೋಡಿದ್ದಾರೆ.

ಕೊನೆಯದಾಗಿ ಸ್ಟೇಡಿಯಂ. 2025ರ ಜೂನ್ 4ರಂದು, ಕಪ್ ಗೆದ್ದ ಮರುದಿನ, ಚಿನ್ನಸ್ವಾಮಿಯ ಹೊರಗೆ ನಡೆದ ಕಾಲ್ತುಳಿತದಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಹೊಸ ವರ್ಷದ ತರಗತಿಗಳು ಆಗಷ್ಟೇ ಆರಂಭವಾಗಿದ್ದವು. ನನ್ನ ತರಗತಿಯ ನಾಲ್ವರು ಆ ಸಂಜೆ ಮೆಟ್ರೊ ನಿಲ್ದಾಣದವರೆಗೆ ಹೋಗಿ ಜನ ನೋಡಿ ಹಿಂದಿರುಗಿದ್ದರು. ಆ ವಾರ ನಾನು ಪಾಠ ಮಾಡಲಿಲ್ಲ, ಅವರೇ ಮಾತಾಡಿದರು. ಅಂದಿನಿಂದ ನನ್ನ ಪಾಠದಲ್ಲಿ ಪ್ರಚಾರಕ್ಕಿಂತ ಮೊದಲು ಆಸನಗಳ ಲೆಕ್ಕ ಬರುತ್ತದೆ. ಎಷ್ಟು ಜನ ಕೂರಬಹುದು, ಎಷ್ಟು ಗೇಟು, ಒಂದು ಗೇಟಿನಲ್ಲಿ ನಿಮಿಷಕ್ಕೆ ಎಷ್ಟು ಜನ ದಾಟುತ್ತಾರೆ, ಬಂದವರಲ್ಲಿ ಒಳ ಬಿಡಲಾಗದವರು ಎಲ್ಲಿ ನಿಲ್ಲುತ್ತಾರೆ, ಇದನ್ನು ಬರೆಯದ ಯೋಜನೆಯನ್ನು ನಾನು ಓದದೆ ಹಿಂದಿರುಗಿಸುತ್ತೇನೆ, ಅದು ಶಾಲೆಯ ಖೋ-ಖೋ ಪಂದ್ಯದ್ದಾದರೂ ಸರಿ.

ಆದ್ದರಿಂದ ಐಪಿಎಲ್ ಪಂದ್ಯಕ್ಕೆ ಮಕ್ಕಳನ್ನು ಕರೆದೊಯ್ಯಬೇಡಿ. ಬೆಂಗಳೂರಿನಲ್ಲಿ ವಾರದ ನಡುವೆ ನಡೆಯುವ ಒಂದು ರಣಜಿ ಪಂದ್ಯಕ್ಕೆ ಕರೆದೊಯ್ಯಿರಿ. ಮೈದಾನದಲ್ಲಿ ದೇಶದ ಪರ ಆಡಿದವರು ಇರುತ್ತಾರೆ, ಮೆಟ್ಟಿಲುಗಳು ಖಾಲಿ ಇರುತ್ತವೆ. ಅಲ್ಲಲ್ಲಿ ಛತ್ರಿ ಹಿಡಿದು, ಪೇಪರ್ ಮಡಿಚಿಟ್ಟುಕೊಂಡು ಕೂತ ಕೆಲವು ಹಿರಿಯರು ಸಿಗುತ್ತಾರೆ. ಅವರ ಪಕ್ಕದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕೂತು, ಯಾವ ಜಾಹೀರಾತೂ ಕರೆಯದಿದ್ದರೂ ನೀವು ಏಕೆ ಬಂದಿರಿ ಎಂದು ಕೇಳಿ ಬರೆದುಕೊಳ್ಳಲಿ. ಪೋಷಕರ ಒಪ್ಪಿಗೆ ಪತ್ರ, ನೀರಿನ ಬಾಟಲಿ, ಟೋಪಿ, ಮಧ್ಯಾಹ್ನದ ಡಬ್ಬಿ ಇರಲಿ. ಊಟದ ವಿರಾಮದ ನಂತರದ ಆಟದಲ್ಲಿ ಮಕ್ಕಳು ಆಕಳಿಸತೊಡಗಿದರೆ ಗದರಬೇಡಿ, ಅದನ್ನೂ ಬರೆದುಕೊಳ್ಳಲು ಹೇಳಿ.